ಅಣ್ಣನ ಫ್ರೆಂಡು ಅಣ್ಣನೇ ಆಗ್ಬೇಕಾ?

ಇಂಗ್ಲಿಷ್ ರೊಮ್ಯಾನ್ಸ್ ಕಾದಂಬರಿ ಓದೋರಿಗೆ 'ಬ್ರದರ್ಸ್ ಬೆಸ್ಟ್ ಫ್ರೆಂಡ್' ಅನ್ನೋದೇ ಒಂದು ದೊಡ್ಡ ವಿಭಾಗ ಅಂತ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಹುಡುಗಿಗೆ ಒಬ್ಬ ಅಣ್ಣ, ಅಣ್ಣನಿಗೊಬ್ಬ ಜೀವದ ಗೆಳೆಯ. ಆ ಗೆಳೆಯ ಚಿಕ್ಕಂದಿನಿಂದ ಮನೆಗೆ ಬಂದು ಹೋಗ್ತಾ ಇರ್ತಾನೆ. ಒಂದು ದಿನ ಇಬ್ಬರಿಗೂ 'ಅಯ್ಯೋ, ಇದೇನಿದು' ಅನ್ಸುತ್ತೆ. ಆಮೇಲೆ ಮುನ್ನೂರು ಪುಟ 'ಅಣ್ಣನಿಗೆ ಗೊತ್ತಾದ್ರೆ ಏನ್ ಗತಿ' ಅಂತಾನೇ ಓಡುತ್ತೆ. ನಮ್ಮ ಹಾಸ್ಟೆಲ್‌ನಲ್ಲಿ ಇಂಥ ಪಿಡಿಎಫ್‌ಗಳು ಇಂಟರ್ನಲ್ಸ್ ನೋಟ್ಸ್‌ಗಿಂತ ಬೇಗ ಕೈ ಬದಲಾಯಿಸ್ತವೆ. ನಾನೂ ಓದ್ತೀನಿ, ಖುಷಿಯಿಂದಾನೇ ಓದ್ತೀನಿ. ನನ್ನ ತಕರಾರು ಅವರ ಪ್ರೀತಿಯ ಬಗ್ಗೆ ಅಲ್ಲ, ಆ ಮುನ್ನೂರು ಪುಟದ ಬಗ್ಗೆ.

ಈ ಕಥೆ ಯಾಕೆ ಇಷ್ಟ ಆಗುತ್ತೆ ಅಂದ್ರೆ ಇದರಲ್ಲಿ ಇಂಪ್ರೆಸ್ ಮಾಡೋ ಹಂತವೇ ಇಲ್ಲ. ಅವಳು ತಲೆಗೆ ಎಣ್ಣೆ ಹಚ್ಕೊಂಡು, ಹಳೇ ನೈಟಿ ಹಾಕ್ಕೊಂಡು, ಪಿಯುಸಿ ಮಾರ್ಕ್ಸ್ ನೋಡಿ ಅಳ್ತಾ ಕೂತಿದ್ದನ್ನ ಅವನು ನೋಡಿದ್ದಾನೆ. ಅವನು ಅವಳ ಅಮ್ಮನ ಕೈಲಿ ಬೈಸ್ಕೊಂಡಿದ್ದನ್ನ ಅವಳು ನೋಡಿದ್ದಾಳೆ. ಇನ್ನು ಯಾವ ಫಿಲ್ಟರ್ ಹಾಕಿ ಏನು ಪ್ರಯೋಜನ? 'ಫ್ರೆಂಡ್ಸ್' ಸೀರಿಯಲ್ ನೋಡಿದವರಿಗೆ ನೆನಪಿರಬಹುದು, ಚಾಂಡ್ಲರ್ ಮೊದಲು ಬರೋದು ರಾಸ್‌ನ ಕಾಲೇಜ್ ರೂಮ್‌ಮೇಟ್ ಆಗಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬಂದವನು ರಾಸ್‌ನ ತಂಗಿ ಮೋನಿಕಾ ದಪ್ಪ ಇದ್ದಾಳೆ ಅಂತ ಆಡಿದ ಮಾತು ಅವಳ ಕಿವಿಗೇ ಬೀಳುತ್ತೆ. ಅಲ್ಲಿಂದ ಶುರುವಾಗಿ, ಎದುರುಬದುರು ಮನೇಲಿ ವರ್ಷಗಟ್ಟಲೆ ಫ್ರೆಂಡ್ಸ್ ಆಗಿದ್ದು, ಲಂಡನ್‌ನಲ್ಲಿ ರಾಸ್‌ನ ಮದುವೆಗೆ ಹೋದಾಗ ಇಬ್ಬರೂ ಒಂದಾಗ್ತಾರೆ. ಅದು ಪ್ರಸಾರ ಆಗಿದ್ದು 1998ರಲ್ಲಿ, ನಮ್ಮ ಬ್ಯಾಚ್‌ನವರು ಯಾರೂ ಹುಟ್ಟೇ ಇರಲಿಲ್ಲ. ಆಮೇಲೆ ಕಿಟಕಿಯಿಂದ ನೋಡಿ ರಾಸ್ ಕಿರುಚಾಡ್ತಾನೆ, ನಿಜ. ಆದ್ರೆ ಇಬ್ಬರೂ ಸೀರಿಯಸ್ಸಾಗಿ ಪ್ರೀತಿಸ್ತಿದ್ದಾರೆ ಅಂತ ಗೊತ್ತಾದ ಕೂಡ್ಲೇ ಅವನಷ್ಟು ಖುಷಿಪಟ್ಟವರು ಯಾರೂ ಇಲ್ಲ. ಎರಡು ನಿಮಿಷದ ಕೆಲಸ. ಅಣ್ಣನ ಪಾತ್ರಕ್ಕೆ ಅಷ್ಟು ಸಾಕು.

ಬೇರೆ ಕಡೆ ಹಾಗಲ್ಲ. ಹ್ಯಾರಿ ಪಾಟರ್ ಆರನೇ ಪುಸ್ತಕದಲ್ಲಿ (2005) ವೋಲ್ಡೆಮಾರ್ಟ್‌ಗೇ ಎದುರು ನಿಂತ ಹುಡುಗ, ಜಿನ್ನಿ ವಿಷಯದಲ್ಲಿ ರಾನ್ ಏನಂದ್ಕೊಳ್ತಾನೋ ಅಂತ ಒದ್ದಾಡ್ತಾನೆ. ಕ್ವಿಡಿಚ್ ಕಪ್ ಗೆದ್ದ ದಿನ ಎಲ್ಲರೆದುರೇ ಅವಳಿಗೆ ಮುತ್ತು ಕೊಟ್ಟ ಮೇಲೆ ಅವನ ಕಣ್ಣು ಹುಡುಕೋದು ರಾನ್‌ನ. ರಾನ್ ಸಣ್ಣಗೆ ತಲೆ ಆಡಿಸ್ತಾನೆ, ಕೇಸ್ ಕ್ಲೋಸ್. ಅದೇ ಪುಸ್ತಕದಲ್ಲಿ, ಇದಕ್ಕಿಂತ ಮುಂಚೆ, 'ನಾನು ಯಾರ ಜೊತೆ ಓಡಾಡ್ತೀನಿ ಅನ್ನೋದು ನಿಂಗೆ ಸಂಬಂಧ ಇಲ್ಲ' ಅನ್ನೋ ಅರ್ಥದಲ್ಲಿ ಜಿನ್ನಿ ರಾನ್‌ಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರ್ತಾಳೆ. ಅದನ್ನ ಹ್ಯಾರಿ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡಿರ್ತಾನೆ ಕೂಡ. ಆದ್ರೂ ಹೆದರಿಕೆ ರಾನ್‌ಗೇ.

'ಬ್ರಿಡ್ಜರ್ಟನ್' ಇನ್ನೂ ಚೆನ್ನಾಗಿ ತೋರಿಸುತ್ತೆ. ಮೊದಲ ಸೀಸನ್‌ನಲ್ಲಿ ಆಂಥನಿಯ ಗೆಳೆಯ ಸೈಮನ್ ಮತ್ತು ತಂಗಿ ಡ್ಯಾಫ್ನಿ. ವಿಷಯ ಗೊತ್ತಾದಾಗ ಆಂಥನಿ ಗೆಳೆಯನನ್ನ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ಕರೀತಾನೆ. ಡ್ಯಾಫ್ನಿನೇ ಕುದುರೆ ಹತ್ತಿ ಬಂದು ಮಧ್ಯೆ ನುಗ್ಗಿ ನಿಲ್ಲಿಸ್ಬೇಕು. ಮೂರನೇ ಸೀಸನ್‌ನಲ್ಲಿ (2024) ಉಲ್ಟಾ. ತಂಗಿ ಎಲೋಯಿಸ್‌ಳ ಜೀವದ ಗೆಳತಿ ಪೆನೆಲಪಿಯನ್ನ ಅಣ್ಣ ಕಾಲಿನ್ ಪ್ರೀತಿಸ್ತಾನೆ. ಎಲೋಯಿಸ್‌ಗೂ ಬೇಜಾರಾಗುತ್ತೆ, ಕೋಪ ಬರುತ್ತೆ. ಆದ್ರೆ ಪಿಸ್ತೂಲು ಬರಲ್ಲ. ಕಾಲಿನ್ ಹೋಗಿ 'ನಿನ್ನ ಫ್ರೆಂಡನ್ನ ಪ್ರೀತಿಸ್ಲಾ' ಅಂತ ತಂಗಿಯ ಒಪ್ಪಿಗೆ ಕೇಳ್ಬೇಕು ಅಂತ ನೋಡೋರಿಗೂ ಅನ್ಸಲ್ಲ. ಸ್ನೇಹ ಹಾಳಾಗೋ ಭಯ ಎರಡೂ ಕಡೆ ಒಂದೇ ಅಲ್ವಾ? ಹಾಗಿದ್ರೆ 'ಬ್ರೋ ಕೋಡ್' ಕಾಪಾಡ್ತಿರೋದು ಸ್ನೇಹವನ್ನಲ್ಲ.

ಇದು ಬರೀ ಫಾರಿನ್ ಕಥೆ ಅನ್ಕೋಬೇಡಿ. ನಮ್ಮಲ್ಲಿ ಇದರ ಅಪ್ಪನಂಥ ಕಥೆ ಇದೆ: ಸುಭದ್ರೆ, ಕೃಷ್ಣ, ಅರ್ಜುನ. ಅಣ್ಣ, ಅಣ್ಣನ ಬೆಸ್ಟ್ ಫ್ರೆಂಡ್, ತಂಗಿ. ಮಹಾಭಾರತದ ಆದಿಪರ್ವದಲ್ಲಿ ರೈವತಕ ಬೆಟ್ಟದ ಉತ್ಸವದಲ್ಲಿ ಅರ್ಜುನ ಅವಳನ್ನ ನೋಡಿ ಸೋತು ಹೋಗ್ತಾನೆ. ಕೃಷ್ಣನಿಗೆ ತಕ್ಷಣ ಗೊತ್ತಾಗುತ್ತೆ, ಕಾಲೆಳೀತಾನೆ. ಆಮೇಲೆ ಅವನೇ ಐಡಿಯಾ ಕೊಡ್ತಾನೆ: ಸ್ವಯಂವರ ಆದ್ರೆ ಅವಳು ಯಾರನ್ನ ಆರಿಸ್ತಾಳೋ ಹೇಳೋಕಾಗಲ್ಲ, ಎತ್ಕೊಂಡು ಹೋಗು. ಇಂದ್ರಪ್ರಸ್ಥಕ್ಕೆ ದೂತರನ್ನ ಕಳಿಸಿ ಧರ್ಮರಾಯನ ಒಪ್ಪಿಗೆನೂ ತರಿಸ್ತಾರೆ. ಹುಡುಗಿಯ ಅಣ್ಣನ ಒಪ್ಪಿಗೆ ಆಯ್ತು, ಹುಡುಗನ ಅಣ್ಣನ ಒಪ್ಪಿಗೆ ಆಯ್ತು. ಬಲರಾಮ ಸಿಟ್ಟಾದಾಗ ಅವನನ್ನ ಕೂರಿಸಿ ಸಮಾಧಾನ ಮಾಡಿದ್ದೂ ಆಯ್ತು. ಸುಭದ್ರೆಯನ್ನ ಮಾತ್ರ ಯಾರೂ ಕೇಳಿಲ್ಲ. ನನಗೆ ಸಮಾಧಾನ ಕೊಡೋದು ಭಾಗವತದ ಕಥೆ. ಅಲ್ಲಿ ಅರ್ಜುನ ಸನ್ಯಾಸಿ ವೇಷ ಹಾಕ್ಕೊಂಡು ಬರ್ತಾನೆ, ಗುರುತು ಸಿಗದೆ ಬಲರಾಮನೇ ಅವನನ್ನ ಊಟಕ್ಕೆ ಮನೆಗೆ ಕರೀತಾನೆ, ಅಲ್ಲಿ ಸುಭದ್ರೆಗೂ ಅವನ ಮೇಲೆ ಮನಸ್ಸಾಗುತ್ತೆ. ಯಕ್ಷಗಾನದಲ್ಲಿ ಕಳ್ಳ ಸನ್ಯಾಸಿ ಬಂದ ಕೂಡ್ಲೇ ಜನ ನಗೋಕೆ ಶುರು ಮಾಡ್ತಾರಲ್ಲ, ಅದು ಈ ಕಥೆ. ಹುಡುಗಿಗೂ ಒಂದು ಮನಸ್ಸು ಇರ್ಲಿ ಅಂತ ಕಥೆ ಹೇಳೋರಿಗೇ ಅನ್ಸಿರ್ಬೇಕು.

ಸುಭದ್ರೆಗೆ ಒಂದು ಅನುಕೂಲ ಇತ್ತು. ಅರ್ಜುನ ಅವಳ ಸೋದರತ್ತೆ ಕುಂತಿಯ ಮಗ. ನಮ್ಮ ಲೆಕ್ಕದಲ್ಲಿ 'ಬಾವ'. ಆ ಪದದಲ್ಲೇ ಬಾಗಿಲು ಅರ್ಧ ತೆರೆದಿರುತ್ತೆ. ನಮ್ಮ ಮನೆಗೆ ಬರೋ ಅಣ್ಣನ ಫ್ರೆಂಡ್‌ಗೆ ಅಂಥ ಪದ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆನೇ ಅಮ್ಮ 'ಅಣ್ಣಂಗೆ ಕಾಫಿ ಕೊಡು' ಅಂದಾಗಿರುತ್ತೆ. ಇದು ಬರೀ ಪ್ರೀತಿಯ ಮಾತಲ್ಲ, ಒಂಥರಾ ಗೇಟ್ ಪಾಸ್. ಅಣ್ಣ ಆಗಿರೋವರೆಗೂ ಅವನು ಯಾವ ಜಾತಿ ಅಂತ ಯಾರೂ ಕೇಳಲ್ಲ, ಅಡುಗೆಮನೆವರೆಗೂ ಬರ್ತಾನೆ, 'ಮನೆಮಗ' ಅನ್ನಿಸ್ಕೊಳ್ತಾನೆ. ಆ ಪದ ಕಳಚಿ ಬಿದ್ದ ದಿನ ಮೊದಲು ಬರೋ ಪ್ರಶ್ನೆನೇ 'ಅವರು ಯಾವ ಜನ?' (ಕ್ಯಾಂಪಸ್‌ನಲ್ಲೂ ಸೀನಿಯರ್ಸ್ ಎಲ್ಲ ಅಣ್ಣಂದಿರೇ. ರಾಖಿ ಹಬ್ಬದ ದಿನ ಲೈಬ್ರರಿಯಲ್ಲಿ ಅಷ್ಟೊಂದು ಜನ ಯಾಕೆ ಓದ್ತಾರೆ ಅಂತ ಯೋಚ್ನೆ ಮಾಡಿ.)

ನನಗೆ ಗೊತ್ತಿರೋ ಒಬ್ಬಳ ವಿಷಯ ಹೇಳ್ತೀನಿ. ಅಣ್ಣನ ಫ್ರೆಂಡು ಒಂದು ರಾತ್ರಿ ಅವಳಿಗೆ ಮನಸ್ಸಲ್ಲಿದ್ದಿದ್ದನ್ನ ಮೆಸೇಜ್ ಮಾಡಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ, ಯೋಚ್ನೆ ಮಾಡ್ತಿದ್ಲು. ಅಷ್ಟರಲ್ಲಿ ಅಣ್ಣ ಚಾಟ್ ನೋಡಿದ. ಗೆಳೆಯರಿಬ್ಬರಿಗೂ ಜಗಳ ಆಯ್ತು, ಎರಡು ತಿಂಗಳು ಮಾತಿಲ್ಲ, ಆಮೇಲೆ ಯಾವುದೋ ಕ್ರಿಕೆಟ್ ಮ್ಯಾಚ್‌ನಲ್ಲಿ ಎಲ್ಲ ಸರಿಹೋಯ್ತು. ಅವಳು ಮಾತ್ರ ಹಾಸ್ಟೆಲ್ ಬಿಟ್ಟು ಈಗ ದಿನಾ ಒಂದೂವರೆ ಗಂಟೆ ಬಸ್ಸಲ್ಲಿ ಅಪ್ ಅಂಡ್ ಡೌನ್ ಮಾಡ್ತಾಳೆ. ಫೋನ್ ಪಾಸ್‌ವರ್ಡ್ ಅಮ್ಮನ ಹತ್ರ ಇದೆ. ಅವಳು 'ಹ್ಞೂಂ' ಅಂದಿದ್ಲಾ 'ಇಲ್ಲ' ಅಂದಿದ್ಲಾ ಅಂತ ಇವತ್ತಿಗೂ ಯಾರೂ ಕೇಳಿಲ್ಲ. ಅವಳು ಹೇಳೋ ಪ್ರಕಾರ ಅವಳಿಗೇ ಇನ್ನೂ ಗೊತ್ತಾಗಿರಲಿಲ್ಲ, ಗೊತ್ತು ಮಾಡ್ಕೊಳ್ಳೋಕೆ ಟೈಮೇ ಸಿಗಲಿಲ್ಲ.

ಕ್ಲಾಸಲ್ಲಿ ಹುಡುಗರ ಹತ್ರ ಈ ವಾದ ಮಾಡಿದಾಗ ಅವರು ಹೇಳಿದ್ದರಲ್ಲಿ ಒಂದು ಮಾತು ನಾನು ಒಪ್ತೀನಿ. ಬ್ರೇಕಪ್ ಆದ್ರೆ ಅಣ್ಣನ ಪಾಡು ಕಷ್ಟ. ತಂಗಿ ಒಂದು ಕಡೆ, ಹದಿನೈದು ವರ್ಷದ ಗೆಳೆಯ ಇನ್ನೊಂದು ಕಡೆ. ಹಾಗಾಗಿ ಅವನಿಂದ ಮುಚ್ಚಿಡಬಾರ್ದು, ಬೇರೆಯವರಿಂದ ಗೊತ್ತಾಗೋಕೆ ಮುಂಚೆ ಹೇಳ್ಬೇಕು. ಆದ್ರೆ ಹೇಳೋದು ಬೇರೆ, ಕೇಳೋದು ಬೇರೆ. 'ನಾವಿಬ್ಬರೂ ಹೀಗಿದ್ದೀವಿ' ಅಂತ ಹೇಳೋದು ಮರ್ಯಾದೆ. 'ನಿನ್ನ ತಂಗಿನ ಪ್ರೀತಿಸ್ಲಾ' ಅಂತ ಕೇಳೋದು ಬೈಕ್ ಕೀ ಕೇಳಿದ ಹಾಗೆ.

'ಅವನು ಎಂಥವನು ಅಂತ ನಮಗೆ ಗೊತ್ತು, ಅದಕ್ಕೇ ಬೇಡ ಅಂತೀವಿ' ಅಂದ ಇನ್ನೊಬ್ಬ. ಗೊತ್ತಿದ್ರೆ ತಂಗಿಗೆ ಹೇಳಿ, ಖಂಡಿತ ಹೇಳಿ. ಹುಡುಗಿಯರ ಬಗ್ಗೆ ಅವನು ನಿಮ್ಮ ಮುಂದೆ ಹೇಗೆ ಮಾತಾಡ್ತಾನೆ ಅನ್ನೋದು ಅವಳಿಗೆ ಬೇರೆ ಯಾರಿಂದಲೂ ಸಿಗದ ಮಾಹಿತಿ. ಆದ್ರೆ ನನ್ನದೊಂದು ಡೌಟು: ಅಷ್ಟು ಕೆಟ್ಟವನಾದ್ರೆ ನಿಮ್ಮ ಬೆಸ್ಟ್ ಫ್ರೆಂಡ್ ಯಾಕೆ?

ಇನ್ನು ಅಣ್ಣನ ಫ್ರೆಂಡ್ ಜಾಗದಲ್ಲಿರೋರಿಗೆ. ನಾನು ಓದಿದ ಈ ಜಾತಿಯ ಒಂದು ಪುಸ್ತಕದಲ್ಲೂ ಹುಡುಗಿ 'ಬೇಡ' ಅಂದಿದ್ದಿಲ್ಲ. ನಿಜದಲ್ಲಿ ಅನ್ನಬಹುದು. ಅಂದ ಮೇಲೂ ನೀವು ಭಾನುವಾರ ಮ್ಯಾಚ್ ನೋಡೋಕೆ ಅದೇ ಮನೆಗೆ ಹೋಗ್ತೀರಾ, ಅವಳು ರೂಮ್ ಬಾಗಿಲು ಹಾಕ್ಕೊಂಡು ಕೂರ್ಬೇಕಾಗುತ್ತೆ. ಅದು ಅವಳ ಮನೆ. ಹಾಲ್ ಅವಳದ್ದು, ಟಿವಿ ರಿಮೋಟೂ ಅವಳದ್ದೇ. ಸ್ವಲ್ಪ ದಿನ ಗೆಳೆಯರಿಬ್ಬರೂ ರಸ್ತೆ ಕೊನೇಲಿರೋ ಟೀ ಅಂಗಡಿಯಲ್ಲಿ ಸಿಗಿ, ಅಲ್ಲೂ ಟಿವಿ ಇರುತ್ತೆ.