ಸ್ವೈಪ್ ಎಣಿಸಿದರೆ ಕೆಲಸ ಅಳೆದಂತಾಗದು



ಐಟಿ ಕಂಪನಿಗಳು ಉದ್ಯೋಗಿಗಳನ್ನು ಕಡ್ಡಾಯವಾಗಿ ಕಚೇರಿಗೆ ಕರೆಸಿಕೊಳ್ಳುತ್ತಿರುವ ಕುರಿತ ಚರ್ಚೆಯಲ್ಲಿ ಎರಡೇ ಮಾತು ಕೇಳಿಬರುತ್ತಿವೆ. ‘ಮನೆಯಲ್ಲಿ ಕೂತು ಕೂತು ಇವರೆಲ್ಲ ಸೋಮಾರಿಗಳಾಗಿದ್ದಾರೆ’ ಎಂಬುದು ಒಂದು. ‘ಲ್ಯಾಪ್‌ಟಾಪ್ ಇದ್ದಮೇಲೆ ಕಚೇರಿ ಯಾಕೆ ಬೇಕು’ ಎಂಬುದು ಮತ್ತೊಂದು. ಬೆಂಗಳೂರಿನಲ್ಲಿ ಬಹುಕಾಲದಿಂದ ಐಟಿ ಕೆಲಸ ಮಾಡಿಕೊಂಡಿರುವ ನನಗೆ ಎರಡೂ ಒಪ್ಪಿಗೆಯಿಲ್ಲ. ಕಚೇರಿಗೆ ಹೋಗುವುದು ನನಗೆ ಇಷ್ಟವೇ. ಯಾವ ಕೆಲಸಕ್ಕೆ, ಯಾರ ಜೊತೆ ಕೂರಲು ಎಂದು ಹೇಳದೆ ಬರೀ ದಿನ ಎಣಿಸುವ ನಿಯಮದ ಮೇಲೆ ನನ್ನ ತಕರಾರು.

ಮೊದಲು ಕಚೇರಿಯ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ತಂಡಕ್ಕೆ ಹಾವೇರಿ ಕಡೆಯ ಹುಡುಗನೊಬ್ಬ ಸೇರಿದ. ಕಾಲೇಜು ಮುಗಿಸಿ ನೇರವಾಗಿ ಬಂದವನು. ಕೆಲಸಕ್ಕೆ ಸೇರಿದ್ದೂ ಊರಿನ ಮನೆಯಿಂದಲೇ, ಕಲಿತದ್ದೂ ಅಲ್ಲಿಂದಲೇ. ಏನಾದರೂ ಅರ್ಥವಾಗದಿದ್ದರೆ ಮೆಸೇಜ್ ಟೈಪ್ ಮಾಡುತ್ತಿದ್ದನಂತೆ, ‘ಇಷ್ಟೂ ಗೊತ್ತಿಲ್ಲವೇ ಅಂದುಕೊಂಡಾರು’ ಎಂದು ಅಳಿಸಿಬಿಡುತ್ತಿದ್ದನಂತೆ. ಒಂದು ಚಿಕ್ಕ ತಪ್ಪನ್ನು ಹುಡುಕುತ್ತ ಇಡೀ ರಾತ್ರಿ ಒಬ್ಬನೇ ಒದ್ದಾಡಿದ್ದೂ ಇದೆ. ಕಚೇರಿ ತೆರೆದ ಮೇಲೆ ಅವನ ಕುರ್ಚಿ ನನ್ನ ಹಿಂದೆಯೇ ಇತ್ತು. ಮೊದಮೊದಲು ಹಿಂಜರಿದ. ಆಮೇಲೆ ಕುರ್ಚಿ ತಿರುಗಿಸಿ ‘ಅಕ್ಕಾ, ಇದೊಂದ್ ಸ್ವಲ್ಪ ನೋಡ್ರಿ’ ಅನ್ನತೊಡಗಿದ. ಎರಡು ನಿಮಿಷದಲ್ಲಿ ಮುಗಿಯುವ ಮಾತು ಅದು. ಆ ಎರಡು ನಿಮಿಷಗಳಿಂದಲೇ ಅವನು ಪಳಗಿದ. ಹೊಸಬರಿಗೆ ಇದು ಮನೆಯಲ್ಲಿ ಸಿಗುವುದಿಲ್ಲ.

ಇನ್ನು ಮನೆಯೆಂದರೆ ಎಲ್ಲರಿಗೂ ನೆಮ್ಮದಿಯ ಜಾಗವೇನಲ್ಲ. ಪಿಜಿಯಲ್ಲಿ ಮೂವರು ಒಂದೇ ಕೋಣೆಯಲ್ಲಿ ಇರುವವರು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆನ್ನುನೋವು ತಂದುಕೊಂಡಿದ್ದಾರೆ. ಕೂಡುಕುಟುಂಬದಲ್ಲಿರುವ ನನ್ನ ಗೆಳತಿಯರಲ್ಲಿ ಹಲವರಿಗೆ ಮಗಳು, ಸೊಸೆ, ಅಮ್ಮ ಎಂದು ಯಾರೂ ಕೂಗದೆ ಒಂದೇ ಸಮನೆ ನಾಲ್ಕು ತಾಸು ಕೆಲಸ ಮಾಡಲು ಸಿಗುವ ಜಾಗ ಕಚೇರಿಯೊಂದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಮನೆಯಿಂದ ಕೆಲಸ ಮಾಡುವುದನ್ನು ಪರೀಕ್ಷೆ ಮಾಡಿ ನೋಡಿದ್ದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇ 13ರಷ್ಟು ಹೆಚ್ಚಿತ್ತು. ಆದರೂ ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಅದರಲ್ಲಿ ಭಾಗವಹಿಸಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮೊದಲಿನ ಆಯ್ಕೆ ಬದಲಿಸಿ ಕಚೇರಿಯನ್ನೇ ಆರಿಸಿಕೊಂಡರು. ಒಂಟಿತನ ಅಷ್ಟು ಕಾಡಿತ್ತು. ನಮ್ಮ ಮನಸ್ಸೂ ಹೀಗೆಯೇ ಎರಡು ಕಡೆ ಎಳೆಯುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಈಗ ನಿಯಮದ ವಿಷಯ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಎಂದಿತು. ವಿಪ್ರೊ ಅದರ ಮರುತಿಂಗಳು ಮೂರು ದಿನ ಎಂದಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಕೆಳ ಹಾಗೂ ಮಧ್ಯಮ ಹಂತದವರಿಗೆ ತಿಂಗಳಿಗೆ ಕನಿಷ್ಠ 10 ದಿನ ಗೊತ್ತುಮಾಡಿತು. ಅಮೆಜಾನ್ ಅದೇ ವರ್ಷದ ಜನವರಿಯಿಂದ ಪೂರ್ತಿ ಐದು ದಿನ ಕರೆಯಿತು. ಹೆಚ್ಚುಕಮ್ಮಿ ಒಂದೇ ಬಗೆಯ ಕೆಲಸ, ಒಂದೊಂದು ಕಡೆ ಒಂದೊಂದು ಲೆಕ್ಕ. ಒಗ್ಗಟ್ಟು, ಸಂಸ್ಕೃತಿ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ಒಂದು ತಂಡಕ್ಕೆ ಮೂರೇ ದಿನ ಏಕೆ, ಐದೇ ಏಕೆ ಎಂದು ಕೆಲಸ ಮುಂದಿಟ್ಟು ವಿವರಿಸಿದ್ದನ್ನು ನಾನು ಕಂಡಿಲ್ಲ. ಅದೇ ಬ್ಲೂಮ್ ಅವರ ತಂಡ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದೆ. 1,600ಕ್ಕೂ ಹೆಚ್ಚು ಉದ್ಯೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟರು. ಕೆಲಸದ ಗುಣಮಟ್ಟ ಕುಗ್ಗಲಿಲ್ಲ, ಬಡ್ತಿಗೂ ಅಡ್ಡಿಯಾಗಲಿಲ್ಲ. ಕೆಲಸ ಬಿಟ್ಟುಹೋಗುವವರ ಪ್ರಮಾಣ ಮಾತ್ರ ಮೂರನೇ ಒಂದು ಭಾಗ ತಗ್ಗಿತು.

ನಾನಿರುವ ಕಂಪನಿಯಲ್ಲಿ ಹಾಜರಾತಿ ಪೋರ್ಟಲ್ ಇದೆ. ಗೇಟಿನಲ್ಲಿ ಬ್ಯಾಡ್ಜ್ ಸ್ವೈಪ್ ಮಾಡಿದ ದಿನ ಹಸಿರು, ಇಲ್ಲದ ದಿನ ಕೆಂಪು. ತಿಂಗಳ ಕೊನೆಗೆ ಕೆಂಪು ಹೆಚ್ಚಿದ್ದರೆ ಮ್ಯಾನೇಜರ್‌ಗೆ ಇಮೇಲ್, ಅಪ್ರೈಸಲ್‌ನಲ್ಲಿ ಒಂದು ಮಾತು. ಸರಿ, ಹೋಗುತ್ತೇನೆ. ಆ್ಯಪ್‌ನಲ್ಲಿ ಸೀಟು ಕಾಯ್ದಿರಿಸಬೇಕು. ಸಿಕ್ಕುವುದು ಬೇರೆ ಮಹಡಿಯಲ್ಲಿ, ಪರಿಚಯವಿಲ್ಲದವರ ನಡುವೆ. ನನ್ನ ತಂಡದ ಇಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈನಲ್ಲಿ, ಕ್ಲೈಂಟ್ ಅಮೆರಿಕದಲ್ಲಿ. ಮೀಟಿಂಗ್ ರೂಮ್ ಖಾಲಿ ಇರುವುದಿಲ್ಲ. ಹಾಗಾಗಿ ಇಡೀ ಸಾಲಿನ ಜನ ಹೆಡ್‌ಫೋನ್ ಹಾಕಿಕೊಂಡು ಒಬ್ಬರ ದನಿ ಇನ್ನೊಬ್ಬರಿಗೆ ತಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ದಿನವಿಡೀ ಟೀಮ್ಸ್ ಕಾಲ್‌ನಲ್ಲಿ ಇರುತ್ತೇವೆ. ಅಮೆರಿಕದವರಿಗೆ ಬೆಳಗಾಗುವುದು ನಮ್ಮ ಸಂಜೆ. ಆ ಹೊತ್ತಿನ ಕಾಲ್ ಕ್ಯಾಬ್‌ನಲ್ಲೋ ಮನೆಯ ಅಡುಗೆಮನೆಯಲ್ಲೋ ನಡೆಯುತ್ತದೆ, ಅದಕ್ಕೆ ಯಾವ ಬಣ್ಣವೂ ಇಲ್ಲ. ಹಾವೇರಿಯ ಹುಡುಗನ ಪಕ್ಕ ಕೂರಲು ನಾನು ಸಂತೋಷದಿಂದ ಹೋಗುತ್ತೇನೆ. ಆದರೆ ಈಗಿನ ವ್ಯವಸ್ಥೆಯಲ್ಲಿ ಅವನು ಬರುವ ದಿನ, ನಾನು ಬರುವ ದಿನ ಒಂದೇ ಆಗಬೇಕೆಂದು ಯಾರೂ ನೋಡುವುದಿಲ್ಲ.

ದಾರಿಯ ಕಷ್ಟ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ ಅರ್ಧ ಗಂಟೆ ಮೀರಿತ್ತು. ಹೊರವರ್ತುಲ ರಸ್ತೆಯಲ್ಲಿ ಸಂಜೆ ಹೊತ್ತು ಆ ಸರಾಸರಿಯೂ ಕನಸೇ. ಸರ್ಕಾರದ ನಡೆ ಇಲ್ಲಿ ನನ್ನನ್ನು ಹೆಚ್ಚು ನೋಯಿಸುತ್ತದೆ. ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿ ನಡೆಯುತ್ತಿದೆ, ಹಾಗಾಗಿ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸಿ ಎಂದು 2021ರ ಆಗಸ್ಟ್‌ನಲ್ಲಿ ಆ ರಸ್ತೆಯ ಕಂಪನಿಗಳಿಗೆ ಸರ್ಕಾರವೇ ಸಲಹೆ ಮಾಡಿತ್ತು. 2025 ಮುಗಿಯುವ ಹೊತ್ತಿಗೂ ಆ ಮಾರ್ಗದಲ್ಲಿ ರೈಲು ಓಡಲಿಲ್ಲ. ಗಡುವು ಮುಗಿಯಿತು, ಕಾಮಗಾರಿ ಮುಗಿಯಲಿಲ್ಲ, ಜನ ಮಾತ್ರ ವಾಪಸು ಬಂದರು. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದದ್ದು ನಮ್ಮಂಥ ಪಶ್ಚಿಮ ಭಾಗದವರಿಗೆ ದೊಡ್ಡ ಉಪಕಾರವೇ ಆಯಿತು. ಆದರೆ ಕೆ.ಆರ್. ಪುರದಲ್ಲಿ ಇಳಿದ ಮೇಲೆ ಬಸ್ಸಿಗೆ ಕಾಯುವುದು ಇದ್ದೇ ಇದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಈ ಸಮಯ, ಈ ಹಣ ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಊರಿಗೆ ಮರಳಿದ್ದವರ ಪಾಡು ಇನ್ನೊಂದು. ‘ಬಿಯಾಂಡ್ ಬೆಂಗಳೂರು’ ಎಂದು ಸರ್ಕಾರ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗೆ ಉದ್ಯಮ ಕರೆಯುತ್ತಿದೆ. ಒಳ್ಳೆಯದು. ಆದರೆ ಶಿರಸಿಯಲ್ಲಿ, ತೀರ್ಥಹಳ್ಳಿಯಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವರಿಗೆ ‘ಬನ್ನಿ, ಇಲ್ಲವೇ ಬಿಡಿ’ ಎಂಬ ಇಮೇಲ್ ಬಂದಾಗ ಅದೇ ಸರ್ಕಾರ ಒಂದು ಮಾತೂ ಆಡಲಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಬಡಿದಿದ್ದರಿಂದ ನಮ್ಮ ಸಹೋದ್ಯೋಗಿಯೊಬ್ಬರು ರಾಜೀನಾಮೆಯನ್ನೇ ಕೊಡಬೇಕಾಯಿತು. ತಂಡದಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಕಚೇರಿ ತೆರೆದರೆ ಕ್ಯಾಬ್ ಚಾಲಕರಿಗೆ, ಟೀ ಅಂಗಡಿಯವರಿಗೆ, ಹೌಸ್‌ಕೀಪಿಂಗ್ ಹೆಣ್ಣುಮಕ್ಕಳಿಗೆ ದುಡಿಮೆ ಸಿಗುತ್ತದೆ ಎಂಬುದು ನಿಜ. 2020ರಲ್ಲಿ ಅವರು ಪಟ್ಟ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ತಂಡ ತಂಡವಾಗಿ, ಕಾರಣವಿದ್ದು ಬರುವ ಜನರಿಂದಲೂ ಆ ಅಂಗಡಿಗಳು ನಡೆಯುತ್ತವೆ.

ಸರ್ಕಾರಕ್ಕೆ ಇಲ್ಲಿ ಕೆಲಸವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸೇವಾ ಷರತ್ತುಗಳನ್ನು ಲಿಖಿತವಾಗಿ ಗೊತ್ತುಮಾಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ಕರ್ನಾಟಕ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅದಕ್ಕೆ ಷರತ್ತುಗಳಿದ್ದವು. ಆಡಳಿತದವರೂ ಉದ್ಯೋಗಿಗಳೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಸೇವಾ ಷರತ್ತುಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆ ಕೇಳಿದಾಗ ಕೊಡಬೇಕು ಎಂಬವೂ ಅದರಲ್ಲಿ ಸೇರಿದ್ದವು. ಅಂಥ ಸಮಿತಿಯ ಸದಸ್ಯರು ಯಾರೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಾಜರಾತಿಯ ನಿಯಮ ಬದಲಿಸುವ ಮುಂಚೆ ಅದನ್ನು ಅಲ್ಲಿಟ್ಟು ಚರ್ಚಿಸಿದ್ದುಂಟೇ? ಹೆರಿಗೆ ರಜೆಯ ನಂತರ ಕೆಲಸದ ಸ್ವರೂಪಕ್ಕೆ ಹೊಂದಿದರೆ ಪರಸ್ಪರ ಒಪ್ಪಿಗೆಯ ಮೇಲೆ ಮನೆಯಿಂದ ದುಡಿಯಬಹುದು, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಕಾನೂನಾಗಿದೆ. ಹಾಲೂಡುವ ತಾಯಂದಿರನ್ನು ಕೆಂಪು, ಹಸಿರಿನ ಪಟ್ಟಿಗೆ ಸೇರಿಸುವ ಮೊದಲು ಈ ಎರಡರಲ್ಲಿ ಯಾವುದನ್ನು ಕೊಟ್ಟಿದ್ದೀರಿ ಎಂದು ಇಲಾಖೆ ಕೇಳಲಿ.

ಕಂಪನಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಯಾವ ತಂಡ ಯಾವ ದಿನ ಒಟ್ಟಿಗೆ ಕೂರಬೇಕೆಂದು ಆ ತಂಡದವರೇ ಕೂಡಿ ಗೊತ್ತುಮಾಡಲಿ. ಹೊಸಬರಿದ್ದರೆ ಹೆಚ್ಚು ದಿನ ಇರಲಿ, ಅನುಭವಸ್ಥರೂ ಅದೇ ದಿನ ಬರುವುದು ಕಡ್ಡಾಯವಾಗಲಿ. ಅಂಥ ಕಡ್ಡಾಯಕ್ಕೆ ನಾನು ಮೊದಲು ಸಹಿ ಹಾಕುತ್ತೇನೆ. ಉಳಿದ ದಿನಗಳಿಗೆ ಕರೆಯುವುದಾದರೆ ಕಾರಣ ಬರೆದು ಕೊಡಲಿ. ಕಾರ್ಮಿಕ ಇಲಾಖೆ ಈ ನಿಯಮಗಳನ್ನು ತರಿಸಿಕೊಂಡು ನೋಡಲಿ, ಕುಂದುಕೊರತೆ ಸಮಿತಿಯ ಸದಸ್ಯರ ಹೆಸರುಗಳನ್ನು ಪ್ರತಿ ಕಂಪನಿಯೂ ಸೂಚನಾ ಫಲಕದಲ್ಲಿ ಹಾಕುವಂತೆ ಆದೇಶಿಸಲಿ.

ಇತಿ,
ಐಟಿ ಉದ್ಯೋಗಿ
ನಾಗರಬಾವಿ, ಬೆಂಗಳೂರು
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)