ಸುಟ್ಟದ್ದು ಒಂದೇ ಊರು, ಅಚ್ಚಾದದ್ದು ಎರಡು ಸುದ್ದಿ

ಲಂಡನ್ನಿನ ‘ದಿ ಟೈಮ್ಸ್’ 1937ರ ಏಪ್ರಿಲ್ 28ರಂದು ಸ್ಪೇನಿನ ಅಂತರ್ಯುದ್ಧದ ಒಂದು ವರದಿ ಪ್ರಕಟಿಸಿತು. ಉತ್ತರದ ಬಾಸ್ಕ್ ಸೀಮೆಯ ಗೆರ್ನಿಕಾ ಎಂಬ ಊರಿನ ಮೇಲೆ ಎರಡು ದಿನಗಳ ಹಿಂದೆ ಜರ್ಮನ್ ವಿಮಾನಗಳು ಮೂರು ಗಂಟೆಗೂ ಹೆಚ್ಚು ಕಾಲ ಬಾಂಬ್ ಸುರಿದು ಊರನ್ನೇ ನಾಶ ಮಾಡಿವೆ ಎಂಬುದು ಅದರ ಸಾರ. ವಾರ ಕಳೆದು, ಮೇ 5ರಂದು, ಅದೇ ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂತು. ಬಾಂಬ್‌ಗಳು ಬಿದ್ದದ್ದು ಹೌದು, ಆದರೆ ಹೆಚ್ಚಿನ ಹಾನಿಗೆ ಬೆಂಕಿ ಕಾರಣ, ಬಾಸ್ಕರು ಹೇಳುವಷ್ಟು ಭೀಕರ ವಾಯುದಾಳಿ ನಡೆದಿದೆ ಎಂದು ನಂಬುವುದು ಕಷ್ಟ ಎಂಬ ಧಾಟಿ ಅದರದು. ‘ನ್ಯೂಯಾರ್ಕ್ ಟೈಮ್ಸ್’ನಲ್ಲೂ ಹೀಗೇ ಆಯಿತು. ಮೊದಲು ಬಾಂಬ್ ದಾಳಿಯ ವರದಿ, ಕೆಲವೇ ದಿನಗಳಲ್ಲಿ ತನ್ನದೇ ವರದಿಗಾರ ವಿಲಿಯಂ ಕಾರ್ನಿ ಬರೆದ, ಬಹುಪಾಲು ನಾಶಕ್ಕೆ ಬೆಂಕಿ ಮತ್ತು ಡೈನಮೈಟ್ ಕಾರಣವಿರಬಹುದೆಂಬ ವರದಿ.

ಯುದ್ಧದ ಸುದ್ದಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆಯಾದರೆ ಮಾಲೀಕರ ರಾಜಕೀಯವೇ ಅದಕ್ಕೆ ಕಾರಣ ಎಂದುಬಿಡುವುದು ನಮಗೆ ರೂಢಿ. ಗೆರ್ನಿಕಾ ಆ ವಿವರಣೆಗೆ ಬಗ್ಗುವುದಿಲ್ಲ. ಇಲ್ಲಿ ಮಾಲೀಕ ಒಬ್ಬನೇ, ಸಂಪಾದಕ ಒಬ್ಬನೇ, ಸುದ್ದಿ ಮಾತ್ರ ಎರಡು. ವ್ಯತ್ಯಾಸ ಇದ್ದದ್ದು ವರದಿಗಾರ ಯಾವಾಗ, ಯಾರ ಜೊತೆ ಆ ಊರಿಗೆ ಕಾಲಿಟ್ಟ ಎಂಬುದರಲ್ಲಿ.

ಮೊದಲ ವರದಿ ಬರೆದವರು ಜಾರ್ಜ್ ಸ್ಟೀಯರ್, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ 27ರ ತರುಣ. ಏಪ್ರಿಲ್ 26, ಸೋಮವಾರ, ಗೆರ್ನಿಕಾದಲ್ಲಿ ಸಂತೆಯ ದಿನ. ಸಂಜೆ ನಾಲ್ಕೂವರೆಗೆ ಶುರುವಾದ ದಾಳಿ ನಿಂತದ್ದು ಏಳೂಮುಕ್ಕಾಲಿಗೆ. ಆ ರಾತ್ರಿ ಬಿಲ್ಬಾವೊ ನಗರದಲ್ಲಿದ್ದ ಬೆರಳೆಣಿಕೆಯ ವಿದೇಶಿ ವರದಿಗಾರರು ಸುದ್ದಿ ಸಿಕ್ಕ ಕೂಡಲೇ ಗೆರ್ನಿಕಾ ದಾರಿ ಹಿಡಿದರು: ಸ್ಟೀಯರ್, ‘ಡೈಲಿ ಎಕ್ಸ್‌ಪ್ರೆಸ್’ನ ನೋಯೆಲ್ ಮಾಂಕ್ಸ್, ರಾಯಿಟರ್ಸ್‌ನ ಕ್ರಿಸ್ಟೊಫರ್ ಹೋಮ್, ಪ್ಯಾರಿಸ್ಸಿನ ಸಂಜೆಪತ್ರಿಕೆ ‘ಸೆ ಸುಆರ್’ನ ಮಾಥ್ಯೂ ಕೋರ್ಮಾನ್. ಸ್ಟೀಯರ್ ಊರು ಹೊಕ್ಕಾಗ ಬೆಳಗಿನ ಜಾವ ಎರಡು ಗಂಟೆ. ಮನೆಗಳು ಇನ್ನೂ ಉರಿಯುತ್ತ ಕುಸಿಯುತ್ತಿದ್ದವು. ಬದುಕುಳಿದವರನ್ನು ಅವರು ಮಾತಾಡಿಸಿದರು, ವಿಮಾನಗಳು ಅಲೆಅಲೆಯಾಗಿ ಬಂದ ಕ್ರಮ ಕೇಳಿ ಬರೆದುಕೊಂಡರು, ಜರ್ಮನಿಯ ಗುರುತಿದ್ದ ಬೆಂಕಿಬಾಂಬಿನ ಕೊಳವೆಗಳನ್ನು ಕಣ್ಣಾರೆ ಕಂಡರು. ಊರಾಚೆಯ ಶಸ್ತ್ರಾಸ್ತ್ರ ಕಾರ್ಖಾನೆಗೆ ಏಟು ಬೀಳದಿರುವುದನ್ನೂ ಗಮನಿಸಿದರು. ದಾಳಿಯ ಗುರಿ ಸೇನಾ ನೆಲೆಯಲ್ಲ, ಜನರ ಧೈರ್ಯ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಇಂಥ ವಿವರಗಳ ಆಧಾರದಿಂದ. ಸತ್ತವರ ಸಂಖ್ಯೆ ಮಾತ್ರ ಕೊಡಲಿಲ್ಲ, ಏಕೆಂದರೆ ಆ ಹೊತ್ತಿಗೆ ಅದು ಯಾರಿಗೂ ತಿಳಿದಿರಲಿಲ್ಲ. ಬಾಸ್ಕ್ ಸರ್ಕಾರ ಆಮೇಲೆ 1,654 ಎಂದಿತು. ಇಂದಿನ ಇತಿಹಾಸಕಾರರಲ್ಲಿ ಹಲವರ ಅಂದಾಜು 150ರಿಂದ 300ರ ನಡುವೆ. ಸಂಯಮ ತಪ್ಪದ ಆ ವರದಿಯಲ್ಲಿ ಇವತ್ತಿಗೂ ತಿದ್ದಬೇಕಾದದ್ದು ಬಹಳ ಕಡಿಮೆ.

ಎರಡನೆಯ ವರದಿ ಬೇರೆ ದಾರಿಯಲ್ಲಿ ಬಂತು. ಏಪ್ರಿಲ್ 29ಕ್ಕೆ ಗೆರ್ನಿಕಾ, ಸ್ಪೇನ್ ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ, ಜರ್ಮನಿಯ ಬೆಂಬಲವಿದ್ದ ಜನರಲ್ ಫ್ರಾಂಕೋನ ಸೇನೆಯ ವಶವಾಯಿತು. ನಂತರ ಆ ಕಡೆಯ ಪತ್ರಕರ್ತರಿಗೆ ಊರು ತೋರಿಸಿದ್ದು ಸೇನೆ. ಫ್ರಾಂಕೋ ಪಾಳಯದಿಂದ ಬರೆಯುವವರ ಪ್ರತಿ ಸೆನ್ಸಾರ್ ದಾಟಬೇಕಿತ್ತು, ಅಧಿಕಾರಿಗಳ ಸಿಟ್ಟಿಗೆ ಗುರಿಯಾದರೆ ಗಡೀಪಾರು ಇಲ್ಲವೇ ಜೈಲು. ಅಂಥ ಕಾವಲಿನಲ್ಲಿ ಬರೆದ ಮನುಷ್ಯನನ್ನು ಸುಳ್ಳುಗಾರ ಎಂದು ನಾನು ಕರೆಯಲಾರೆ. ಆದರೆ ಆ ಪ್ರತಿ ಯಾವ ಸ್ಥಿತಿಯಲ್ಲಿ ಹುಟ್ಟಿತೆಂದು ಓದುಗನಿಗೆ ತಿಳಿಸದೆ, ಸ್ಟೀಯರ್ ವರದಿಯಷ್ಟೇ ತೂಕ ಕೊಟ್ಟು ಅಚ್ಚು ಹಾಕಿದ ಸುದ್ದಿಮನೆಯನ್ನು ಪ್ರಶ್ನಿಸಲೇಬೇಕು.

ಫ್ರಾಂಕೋ ಪತ್ರಿಕಾ ಕಚೇರಿಯ ಮುಖ್ಯಸ್ಥ ಲೂಯಿಸ್ ಬೊಲಿನ್. ಊರಿಗೆ ಬೆಂಕಿ ಇಟ್ಟವರು ಹಿಂದೆಗೆಯುತ್ತಿದ್ದ ‘ಕೆಂಪರು’, ಅಂದರೆ ಸರ್ಕಾರದ ಕಡೆಯವರೇ, ಎಂಬ ಕಥೆಯನ್ನು ಹರಡಿದ್ದು ಆ ಪಾಳಯವೇ. ಹವಾಮಾನ ಕೆಟ್ಟಿದ್ದರಿಂದ 27ರಂದು ತಮ್ಮ ವಿಮಾನಗಳು ಹಾರಲೇ ಇಲ್ಲ ಎಂದೂ ಹೇಳಿಕೆ ಬಂತು. ದಾಳಿ ನಡೆದದ್ದು 26ಕ್ಕೆ! ಇಷ್ಟು ಬಡಕಲು ನಿರಾಕರಣೆಯೂ ಜಗತ್ತಿನ ಎಷ್ಟೋ ಪತ್ರಿಕೆಗಳಲ್ಲಿ ಗೌರವದ ಜಾಗ ಪಡೆಯಿತು. ಅದನ್ನು ಎಲ್ಲರೂ ನಂಬಬೇಕಾಗಿರಲಿಲ್ಲ. ‘ಈ ವಿಷಯದಲ್ಲಿ ಎರಡು ವಾದಗಳಿವೆ’ ಎಂದು ಓದುಗ ಪುಟ ತಿರುಗಿಸಿದರೆ ಬೊಲಿನ್ ಕೆಲಸ ಮುಗಿದಂತೆಯೇ. ‘ಕೆಂಪರು’ ಎಂದು ಕರೆಸಿಕೊಂಡ ಬಾಸ್ಕರು ಕಟ್ಟಾ ಕ್ಯಾಥೊಲಿಕರು. ದಾಳಿಯನ್ನು ಕಣ್ಣಾರೆ ಕಂಡ ಆಲ್ಬರ್ಟೊ ಒನೈಂಡಿಯಾ ಎಂಬ ಬಾಸ್ಕ್ ಪಾದ್ರಿ ಪ್ಯಾರಿಸ್ಸಿಗೆ ಹೋಗಿ ಸಾಕ್ಷಿ ಹೇಳಿದರು. ಫ್ರಾಂಕೋನನ್ನು ಧರ್ಮರಕ್ಷಕ ಎಂದು ನಂಬಿದ್ದ ಯುರೋಪ್, ಅಮೆರಿಕದ ಅನೇಕ ಕ್ಯಾಥೊಲಿಕ್ ಪತ್ರಿಕೆಗಳಿಗೆ ತಮ್ಮದೇ ಧರ್ಮದ ಪಾದ್ರಿಯ ಮಾತೂ ರುಚಿಸಲಿಲ್ಲ.

ಹರ್ಬರ್ಟ್ ಸೌತ್‌ವರ್ತ್ ಎಂಬ ಅಮೆರಿಕನ್ ವಿದ್ವಾಂಸ ಗೆರ್ನಿಕಾ ಸುದ್ದಿ ದೇಶದೇಶಗಳ ಪತ್ರಿಕೆಗಳನ್ನು ಮುಟ್ಟಿದ ಬಗೆಯನ್ನೇ ಸಂಶೋಧಿಸಿ 1970ರ ದಶಕದಲ್ಲಿ ದೊಡ್ಡ ಗ್ರಂಥ ಬರೆದರು. ಆ ಗ್ರಂಥ ತೋರಿಸುವಂತೆ, ಫ್ರಾನ್ಸ್ ಸ್ಪೇನಿಗೆ ಅಂಟಿಕೊಂಡ ನೆರೆದೇಶವಾದರೂ ಸುದ್ದಿ ಮೊದಲು ಮೊಳಗಿದ್ದು ಲಂಡನ್ನಿನಲ್ಲಿ. ಅಂದು ರಾತ್ರಿ ಬಿಲ್ಬಾವೊದಲ್ಲಿದ್ದವರು ಹೆಚ್ಚಾಗಿ ಬ್ರಿಟಿಷ್ ಪತ್ರಿಕೆಗಳ ಕಡೆಯವರು, ರಾಯಿಟರ್ಸ್ ತಂತಿ ಮರುದಿನವೇ ಲಂಡನ್ ತಲುಪಿತು. ಆ ಕಾಲದಲ್ಲಿ ಭಾರತದ ಪತ್ರಿಕೆಗಳಿಗೂ ವಿದೇಶಿ ಸುದ್ದಿ ಬರುತ್ತಿದ್ದದ್ದು ಮುಖ್ಯವಾಗಿ ರಾಯಿಟರ್ಸ್ ಮೂಲಕ. ಯಾವ ಸಂಸ್ಥೆಯ ತಂತಿ ನಿಮ್ಮ ಊರಿಗೆ ಬರುತ್ತಿತ್ತು ಎಂಬುದರ ಮೇಲೆ ದೂರದ ಯುದ್ಧ ನಿಮಗೆ ಹೇಗೆ ಕಾಣುತ್ತದೆ ಎಂಬುದೂ ನಿರ್ಧಾರವಾಗುತ್ತಿತ್ತು.

ಜರ್ಮನಿಯಲ್ಲಿ ನಾಜಿ ಪತ್ರಿಕೆಗಳು ‘ದಿ ಟೈಮ್ಸ್’ ಮೇಲೆ ಮುಗಿಬಿದ್ದವು. ಅದರ ಸಂಪಾದಕ ಜೆಫ್ರಿ ಡಾಸನ್ ಅದೇ ಮೇ ತಿಂಗಳಲ್ಲಿ ಬರೆದ ಖಾಸಗಿ ಪತ್ರವೊಂದರಲ್ಲಿ, ಜರ್ಮನರ ಮನಸ್ಸಿಗೆ ನೋವಾಗುವಂಥದ್ದು ಪತ್ರಿಕೆಯಲ್ಲಿ ಬರದಂತೆ ತಾನು ಪ್ರತಿ ರಾತ್ರಿಯೂ ಶ್ರಮಿಸುತ್ತಿರುವುದಾಗಿ ಹೇಳಿಕೊಂಡರು. ಸ್ಟೀಯರ್ ವರದಿ ಮೂಲತಃ ನಿಜವೆಂಬುದನ್ನು ಯಾರೂ ಅಲ್ಲಗಳೆದಿಲ್ಲವೆಂದು ಅದರಲ್ಲೇ ಬರೆದಿದ್ದರು. ನಿಜವೆಂದು ಗೊತ್ತಿದ್ದ ಸಂಪಾದಕನೇ ಹೀಗೆ ಅಳುಕಿದ್ದು ನನಗೆ ಬೊಲಿನ್ ಸುಳ್ಳಿಗಿಂತ ಹೆಚ್ಚು ಕಳವಳದ ಸಂಗತಿ.

ಇದರ ಬೆಲೆ ತೆತ್ತವರು ಗೆರ್ನಿಕಾದ ಜನ. ಫ್ರಾಂಕೋ 1975ರಲ್ಲಿ ಸಾಯುವ ತನಕ ಅಧಿಕಾರದಲ್ಲಿದ್ದ. ತಮ್ಮ ಊರನ್ನು ಸುಟ್ಟವರು ತಮ್ಮ ಕಡೆಯವರೇ ಎಂಬ ಮಾತನ್ನು ಅಲ್ಲಿಯ ಜನ ದಶಕಗಟ್ಟಲೆ ಕೇಳಿಕೊಂಡಿರಬೇಕಾಯಿತು. ಜರ್ಮನಿಯ ಅಧ್ಯಕ್ಷ ರೋಮನ್ ಹೆರ್ಜೋಗ್ ಬದುಕುಳಿದವರಿಗೆ ಪತ್ರ ಬರೆದು ತಮ್ಮ ದೇಶದ ಹೊಣೆ ಒಪ್ಪಿಕೊಂಡದ್ದು 1997ರಲ್ಲಿ, ದಾಳಿಯಾಗಿ 60 ವರ್ಷಗಳ ಬಳಿಕ. ಸ್ಟೀಯರ್ ಅದನ್ನು ನೋಡಲು ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಅವರು 1944ರ ಕ್ರಿಸ್‌ಮಸ್ ದಿನ ನಮ್ಮ ಬಂಗಾಳದಲ್ಲಿ ಜೀಪ್ ಅಪಘಾತದಲ್ಲಿ ತೀರಿಕೊಂಡರು.

ಯಾರು, ಯಾರ ಜೊತೆ ಹೋಗಿ ನೋಡಿದರು ಎಂಬ ಪ್ರಶ್ನೆ ಹಳೆಯದಾಗಿಲ್ಲ. ಗಾಜಾದೊಳಗೆ 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಇಸ್ರೇಲ್ ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಬಿಟ್ಟುಕೊಳ್ಳಲಿಲ್ಲ. ಹೋದವರು ಸೇನೆಯ ಜೊತೆ ಹೋಗಿ ಬಂದರು. ಒಳಗಿದ್ದು ವರದಿ ಮಾಡಿದ ಪ್ಯಾಲೆಸ್ಟೀನಿ ಪತ್ರಕರ್ತರಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಇಲ್ಲಿ, 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ರಾತ್ರಿಗಳಲ್ಲಿ, ಕರಾಚಿ ಬಂದರು ಧ್ವಂಸವಾಯಿತೆಂದು ದೇಶದ ಹಲವು ಟಿವಿ ವಾಹಿನಿಗಳು ಸಾರಿದವು. ಬಂದರು ಹಾಗೇ ಇತ್ತು. ಗಡಿಯಾಚೆಯ ವಾಹಿನಿಗಳೂ ಅಷ್ಟೇ ಉತ್ಸಾಹದಿಂದ ಸುಳ್ಳು ಬಿತ್ತರಿಸಿದವು.

ಕನ್ನಡ ಪತ್ರಿಕೆಗಳು ದೂರದ ರಣರಂಗಕ್ಕೆ ವರದಿಗಾರರನ್ನು ಕಳಿಸುವುದು ಅಪರೂಪ. ಆ ಖರ್ಚು ಭರಿಸುವುದು ಸುಲಭವಲ್ಲವೆಂದು ಒಪ್ಪುತ್ತೇನೆ. ಆದರೆ ಏಜೆನ್ಸಿಯಿಂದ ಬಂದ ಪ್ರತಿಯ ಮೇಲೆ ಎರಡು ಸಾಲು ಸೇರಿಸಲು ಖರ್ಚಿಲ್ಲ: ಬರೆದವರು ಸ್ಥಳದಲ್ಲಿದ್ದರೇ, ಇದ್ದರೆ ಯಾರ ಅನುಮತಿಯಿಂದ, ಯಾರ ಕಾವಲಿನಲ್ಲಿ? ಕಂಡವರ ಮಾತಿಗೂ ಕಚೇರಿಯಲ್ಲಿ ಕೂತು ಅಲ್ಲಗಳೆದವರ ಮಾತಿಗೂ ಒಂದೇ ಅಳತೆಯ ಶೀರ್ಷಿಕೆ ಕೊಡುವುದನ್ನು ನಿಷ್ಪಕ್ಷಪಾತ ಎಂದು ಕರೆಯುವ ರೂಢಿಯನ್ನು ನಮ್ಮ ಸುದ್ದಿಮನೆಗಳು ಮುಂದಿನ ಯುದ್ಧಕ್ಕೆ ಕಾಯದೆ ಇವತ್ತೇ ಬಿಡಬೇಕು.