ಧ್ರುವದ ಗಾಳಿಯೂ ಕುಕ್ ಟೌನಿನ ಫ್ರಿಜ್ಜೂ

ಕುಕ್ ಟೌನಿನ ಮಿಲ್ಟನ್ ಪಾರ್ಕಿನಲ್ಲಿ ಬೆಳಗಿನ ಸಂಚಾರ ಮುಗಿಸಿ ಬೆಂಚಿನ ಮೇಲೆ ಕೂಡುವ ಹಿರಿಯರ ಪೈಕಿ ನಾನೂ ಒಬ್ಬ. ಅಲ್ಲಿ ಇತ್ಯರ್ಥವಾಗದ ಲೋಕವ್ಯವಹಾರವಿಲ್ಲ. ಈಚೆಗೆ ಮಹನೀಯರೊಬ್ಬರು ತೀರ್ಪು ಕೊಟ್ಟರು: “ಓಝೋನ್ ತೂತು ಅಂತ ಅಷ್ಟು ವರ್ಷ ಹೆದರಿಸಿದರು. ಈಗ ಅದರ ಸುದ್ದಿಯೇ ಇಲ್ಲ. ಆದರೂ ದಕ್ಷಿಣ ಧ್ರುವದ ಮೇಲೆ ಉಪಗ್ರಹವಂತೆ, ವಿಮಾನವಂತೆ, ಬಲೂನಂತೆ! ಪೆಂಗ್ವಿನ್ನಿನ ತಲೆಯ ಮೇಲಿನ ಗಾಳಿ ಅಳೆದು ನಮಗೇನಾಗಬೇಕು ಸ್ವಾಮೀ? ಇಲ್ಲಿ ಮೋರಿಗೆ ಮುಚ್ಚಳವಿಲ್ಲ.”

ಮೋರಿಯ ಮಾತು ನಿಜ. ಉಳಿದದ್ದು ಶುದ್ಧ ಅವಿಚಾರ.

ನಮ್ಮ ಮನೆಗಳ ಹಳೆಯ ಫ್ರಿಜ್ಜುಗಳ ಹೊಟ್ಟೆಯಲ್ಲಿದ್ದದ್ದು ಸಿಎಫ್‌ಸಿ-12 ಎಂಬ ಅನಿಲ. “ಗ್ಯಾಸ್ ಹೋಗಿದೆ ಸಾರ್, ತುಂಬಿಸಬೇಕು” ಎನ್ನುತ್ತಿದ್ದ ಮೆಕ್ಯಾನಿಕ್ಕು. ಹೋಯಿತು ಸರಿ, ಎಲ್ಲಿಗೆ ಹೋಯಿತು? ವಾತಾವರಣದಲ್ಲಿ ಅದರ ಆಯುಸ್ಸು ಸುಮಾರು 100 ವರ್ಷ. 1975ರಲ್ಲಿ ಒಂದು ಮನೆಯಿಂದ ಹೊರಟದ್ದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಇಂದಿಗೂ ಮೇಲೆಯೇ ಇದೆ. ಅದು ಲೋಕವೆಲ್ಲ ಸುತ್ತಿ, ಎತ್ತರಕ್ಕೇರಿ, ಅಲ್ಲಿಯ ತೀಕ್ಷ್ಣ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತದೆ. ಧ್ರುವದ ಚಳಿಗಾಲದಲ್ಲಿ, ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಶೀತದಲ್ಲಿ ಹುಟ್ಟುವ ಮೋಡಗಳು ಆ ಕ್ಲೋರಿನ್ನಿಗೆ ಹಲ್ಲು ಮೂಡಿಸುತ್ತವೆ. ಸೆಪ್ಟೆಂಬರಿನಲ್ಲಿ ಬಿಸಿಲು ಮರಳಿದೊಡನೆ ಅದು ಓಝೋನನ್ನು ತಿನ್ನತೊಡಗುತ್ತದೆ. ಹೆಚ್ಚಿನ ಅನಿಲ ಶ್ರೀಮಂತ ದೇಶಗಳದ್ದೆಂಬುದು ದಿಟ. ನಮ್ಮ ಪಾಲು ಸೊನ್ನೆಯಂತೂ ಅಲ್ಲ.

ಇದೆಲ್ಲ ಗೊತ್ತಾದದ್ದು ಅಳೆದದ್ದರಿಂದ. ನಮ್ಮ ತಲೆಯ ಮೇಲಿನ ಓಝೋನನ್ನೆಲ್ಲ ನೆಲಕ್ಕಿಳಿಸಿ ಹರವಿದರೆ ಸುಮಾರು ಮೂರು ಮಿಲಿಮೀಟರು, ಒಂದು ನಿಪ್ಪಟ್ಟಿನ ದಪ್ಪ. ಅಂಟಾರ್ಕ್ಟಿಕದ ಹ್ಯಾಲಿಯಲ್ಲಿ ನೆಲದ ಮೇಲಿನ ಹಳೆಯ ಮಾದರಿಯ ಉಪಕರಣದಿಂದ ಅದನ್ನು ವರ್ಷಾನುಗಟ್ಟಲೆ ಅಳೆದ ಬ್ರಿಟಿಷರು, ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್, 1985ರಲ್ಲಿ ಅದು ತೆಳುವಾಗುತ್ತಿದೆಯೆಂದು ಸಾರಿದರು. 1978ರಿಂದ ಸುತ್ತುತ್ತಿದ್ದ ನಿಂಬಸ್-7 ಉಪಗ್ರಹವೂ ಅದನ್ನು ಕಂಡಿತ್ತು. ಆದರೆ ಅಷ್ಟು ಕಡಮೆ ಅಂಕಿಗಳಿಗೆ ‘ಸಂಶಯಾಸ್ಪದ’ವೆಂದು ಗುರುತು ಬೀಳುತ್ತಿತ್ತು. ತೂತಿನ ವಿಸ್ತಾರವನ್ನು ನಕ್ಷೆಯಾಗಿ ತೋರಿಸಿದ ಕೀರ್ತಿ ಮಾತ್ರ ಉಪಗ್ರಹದ್ದೇ. ಉಪಗ್ರಹ ಕಟ್ಟುವ ಈ ಊರಿನವರಿಗೆ ನೆಲದ ಉಪಕರಣ ಕಂಡರೆ ತಾತ್ಸಾರ. ಅದಕ್ಕೇ ಇಷ್ಟು ಹೇಳಿದೆ.

ಕಾರಣವನ್ನು ಸಿದ್ಧಪಡಿಸಿದ್ದು ವಿಮಾನ. 1987ರಲ್ಲಿ ಚಿಲಿಯ ಪುಂಟಾ ಅರೇನಾಸಿನಿಂದ ಹಾರಿದ ನಾಸಾದ ಇಆರ್-2 ತೂತಿನೊಳಗೇ ನುಗ್ಗಿ ನೋಡಿತು. ಕ್ಲೋರಿನ್ ಮಾನಾಕ್ಸೈಡ್ ಏರಿದ ಕಡೆಯೇ ಓಝೋನ್ ಇಳಿದಿತ್ತು. ಆ ಹಾರಾಟಗಳ ನಡುವೆಯೇ, ಸೆಪ್ಟೆಂಬರ್ 16ರಂದು, ಮಾಂಟ್ರಿಯಲ್ ಒಪ್ಪಂದಕ್ಕೆ ರುಜು ಬಿತ್ತು. 1990ರಲ್ಲಿ ಲಂಡನ್ನಿನಲ್ಲಿ ಅದನ್ನು ಬಿಗಿಗೊಳಿಸಿದರು. 1992ರಲ್ಲಿ ಭಾರತವೂ ಸೇರಿತು. ಸುದ್ದಿಯಿಲ್ಲದ್ದು ಇದರಿಂದ ಮಹಾರಾಯರೇ, ಹೆದರಿಕೆ ಸುಳ್ಳಾದುದರಿಂದಲ್ಲ. ತೂತು ಇನ್ನೂ ವರ್ಷವರ್ಷವೂ ತೆರೆಯುತ್ತಿದೆ.

“ಒಪ್ಪಂದವಾಯಿತಲ್ಲ, ಇನ್ನೇಕೆ ಅಳತೆ?” ಎನ್ನಬಹುದು. 2010ಕ್ಕೇ ನಿಲ್ಲಬೇಕಾಗಿದ್ದ ಸಿಎಫ್‌ಸಿ-11 ಮತ್ತೆ ಹೊರಬೀಳುತ್ತಿದೆಯೆಂದು 2018ರಲ್ಲಿ ಹವಾಯಿಯ ಮಾಪನಗಳು ಹೇಳಿದವು. ಮರುವರ್ಷ ಕೊರಿಯಾ, ಜಪಾನುಗಳ ದ್ವೀಪಗಳಲ್ಲಿದ್ದ ಉಪಕರಣಗಳು ಪೂರ್ವ ಚೀನದತ್ತ ಬೆರಳು ತೋರಿಸಿದವು. ಆಮೇಲೆ ಅದು ಇಳಿಯಿತು. ಅಳೆಯುವವರಿಲ್ಲದಿದ್ದರೆ ಆ ಕಳ್ಳವ್ಯವಹಾರ ಇನ್ನೂ ಸುಖವಾಗಿ ನಡೆಯುತ್ತಿರುತ್ತಿತ್ತು.

ಇದು ಬಿಳಿಯರ ವಿಲಾಸವೆನ್ನುವವರು ಅನ್ನಾ ಮಣಿಯವರ ಹೆಸರು ಕೇಳಿರಲಾರರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಾಮನ್ನರ ಕೈಕೆಳಗೆ ದುಡಿದ ಆಕೆ, 1960ರ ದಶಕದಲ್ಲಿ, ಹವಾಮಾನ ಇಲಾಖೆಯಲ್ಲಿದ್ದಾಗ, ಬಲೂನಿನಲ್ಲಿ ಏರಿ ಓಝೋನ್ ಅಳೆಯುವ ಉಪಕರಣವನ್ನು ದೇಶದಲ್ಲೇ ಸಿದ್ಧಪಡಿಸಿದರು. ಮುಂದೆ ಭಾರತೀಯ ಬಲೂನುಗಳು ಅಂಟಾರ್ಕ್ಟಿಕದಲ್ಲೂ ಹಾರಿದವು. 1976ರಲ್ಲಿ ನಿವೃತ್ತರಾದ ಮೇಲೆ ಆಕೆ ಇದೇ ಬೆಂಗಳೂರಿಗೆ ಬಂದು ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳ ಕಾರ್ಖಾನೆ ನಡೆಸಿದರು.

ಎಲ್ಲ ದೇಶಗಳೂ ಮಾತಿಗೆ ತಪ್ಪದಿದ್ದರೆ ಧ್ರುವದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ. ಅಲ್ಲಿಯವರೆಗೆ ಪ್ರತಿ ಸೆಪ್ಟೆಂಬರಿನಲ್ಲೂ ಯಾರಾದರೂ ಅಲ್ಲಿ ಬಲೂನು ಹಾರಿಸಲೇಬೇಕು. ಅದು ದಂಡದ ಖರ್ಚೆನ್ನುವ ಮಹನೀಯರು, ತಮ್ಮ ಹಳೆಯ ಫ್ರಿಜ್ಜನ್ನು ಗುಜರಿಯವನಿಗೆ ಕೊಟ್ಟ ದಿನ ಅದರೊಳಗಿನ ಗ್ಯಾಸು ಎಲ್ಲಿಗೆ ಹೋಯಿತೆಂದು ಮೊದಲು ಹೇಳಲಿ.